ರೂಟರ್ ಆಂಟೆನಾ ಬದಲಿಸಿ ಮನೆಯ ವೈಫೈ ಸರಿಮಾಡಿಕೊಳ್ಳುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ರೂಟರ್ ಎಲ್ಲಿರಬೇಕು ಅಂತ ತೀರ್ಮಾನ ಮಾಡುವವರು ಸಾಮಾನ್ಯವಾಗಿ ಮನೆಯವರಲ್ಲ, ಫೈಬರ್ ಎಳೆಯಲು ಬಂದ ಹುಡುಗ. ಕಂಬದಿಂದ ಬಂದ ಕೇಬಲ್ ಕಿಟಕಿ ಸಂದಿಯಲ್ಲಿ ಒಳಗೆ ತೂರಿದ ಜಾಗದಲ್ಲೇ, ಟಿವಿ ಶೋಕೇಸಿನ ಮೂಲೆಯಲ್ಲಿ, ಡಬ್ಬಿ ಕೂತುಬಿಡುತ್ತದೆ. ಹಾಲ್‌ನಲ್ಲಿ ಎಲ್ಲ ಚೆನ್ನಾಗಿರುತ್ತದೆ. ಹಿಂದಿನ ಬೆಡ್‌ರೂಮಿಗೆ ಹೋದರೆ ವಿಡಿಯೋ ಸುತ್ತುತ್ತಲೇ ಇರುತ್ತದೆ. ಆಗ ಯಾರೋ ಹೇಳುತ್ತಾರೆ, "ದೊಡ್ಡ ಆಂಟೆನಾ ಹಾಕಿಸಿ ಸ್ವಾಮಿ, ಸರಿಹೋಗುತ್ತೆ."

ಸರಿಹೋಗಬಹುದು. ಹೋಗದೇ ಇರಲೂಬಹುದು. ಆಂಟೆನಾ ತಾನಾಗಿ ಶಕ್ತಿ ಹುಟ್ಟಿಸುವುದಿಲ್ಲ. ರೂಟರ್ ಕೊಟ್ಟಷ್ಟನ್ನೇ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಕಳಿಸುತ್ತದೆ. ಹಾಗಾಗಿ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದು ಮೊದಲು ಗೊತ್ತಿರಬೇಕು. ಈ ಬರಹದಲ್ಲಿ ಅಳತೆ ಮೊದಲು, ಜಾಗ ಆಮೇಲೆ, ಖರೀದಿ ಕೊನೆಗೆ.

ಹಂತ 1: ಮೊದಲು ಅಳೆಯಿರಿ

ಫೋನಿನ ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ. ಒಂದೊಂದು ಕಂಪನಿಯ ಫೋನ್ ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತದೆ. ನಿಮಗೆ ಬೇಕಿರುವುದು ಸಿಗ್ನಲ್ ಎಷ್ಟು ಬಲವಾಗಿ ಬರುತ್ತಿದೆ ಅಂತ ಹೇಳುವ ಡಿಬಿಎಂ (dBm) ಅನ್ನುವ ಅಂಕಿ. ಅಂಥ ಎರಡು ಅಂಕಿಗಳ ನಡುವಿನ ವ್ಯತ್ಯಾಸಕ್ಕೆ ಡಿಬಿ ಅನ್ನುತ್ತಾರೆ. ಆಂಡ್ರಾಯ್ಡ್‌ನಲ್ಲಿ ವೈಫೈ ಅನಲೈಸರ್ ಥರದ ಉಚಿತ ಆ್ಯಪ್‌ಗಳು ಇದನ್ನು ತೋರಿಸುತ್ತವೆ. ಐಫೋನ್ ಇದ್ದವರು ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಬೇಕು. ಮ್ಯಾಕ್ ಇದ್ದರೆ ಆಪ್ಷನ್ ಕೀ ಒತ್ತಿಹಿಡಿದು ಮೇಲಿನ ವೈಫೈ ಗುರುತನ್ನು ಕ್ಲಿಕ್ ಮಾಡಿದರೆ ಸಾಕು.

ಅಂಕಿಯ ಮುಂದೆ ಮೈನಸ್ ಇರುತ್ತದೆ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. -50 ಅಂದರೆ ಸೊಗಸು. -67ರವರೆಗೂ ವಿಡಿಯೋ ಕಾಲ್ ನೆಮ್ಮದಿಯಾಗಿ ನಡೆಯುತ್ತದೆ. -75 ದಾಟಿದರೆ ಕಿರಿಕಿರಿ ಶುರು. -85ರಲ್ಲಿ ಹೆಸರಿಗೆ ಮಾತ್ರ ವೈಫೈ ಇರುತ್ತದೆ.

ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಗೀಚಿಕೊಳ್ಳಿ. ನೀವು ನಿಜವಾಗಿ ಕೂರುವ ಜಾಗಗಳನ್ನಷ್ಟೇ ಗುರುತು ಮಾಡಿ: ಓದುವ ಮೇಜು, ಮಂಚದ ತಲೆದಿಂಬಿನ ಹತ್ತಿರ, ಅಡುಗೆಮನೆ ಕಟ್ಟೆ, ಮಹಡಿ ರೂಮು. ಪ್ರತಿ ಜಾಗದಲ್ಲೂ ಅರ್ಧ ನಿಮಿಷ ನಿಂತು ನೋಡಿ. ಅಂಕಿ 3–4 ಡಿಬಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ನಡುವಿನದನ್ನು ಬರೆದುಕೊಳ್ಳಿ. ವೈಫೈ ಓಡಾಡುವ ಬ್ಯಾಂಡ್‌ಗಳು (ರೇಡಿಯೋ ತರಂಗದ ಪಟ್ಟಿಗಳು) 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್. ಎರಡನ್ನೂ ಬೇರೆಬೇರೆ ಬರೆಯಿರಿ. ಪ್ರತಿ ಸಲವೂ ಅದೇ ಫೋನ್, ಅದೇ ಎತ್ತರ, ಮುಖ ಅದೇ ದಿಕ್ಕಿಗೆ ಇರಲಿ. ನಮ್ಮ ಮೈಯೇ ಒಂದಿಷ್ಟು ಸಿಗ್ನಲ್ ನುಂಗುತ್ತದೆ. ರೂಟರ್‌ಗೆ ಬೆನ್ನು ಹಾಕಿ ನಿಂತರೆ ಅಂಕಿ ಬೇರೆಯೇ ಬರುತ್ತದೆ.

ಇಲ್ಲೇ ಇನ್ನೊಂದು ಪರೀಕ್ಷೆ ಮುಗಿಸಿಬಿಡಿ. ಲ್ಯಾಪ್‌ಟಾಪ್ ಅನ್ನು ಲ್ಯಾನ್ ಕೇಬಲ್‌ನಿಂದ ನೇರ ರೂಟರ್‌ಗೆ ಸಿಕ್ಕಿಸಿ ಸ್ಪೀಡ್ ನೋಡಿ. ಅಲ್ಲೂ ನಿಧಾನವಾದರೆ ತೊಂದರೆ ಇರುವುದು ಕನೆಕ್ಷನ್‌ನಲ್ಲಿ. ಆಂಟೆನಾಗೆ ದುಡ್ಡು ಹಾಕಿ ಏನೂ ಆಗಲ್ಲ. ಹಾಗೆಯೇ, -50 ಬರುವ ಜಾಗದಲ್ಲೂ ವೈಫೈ ನಿಧಾನವಾದರೆ ಅದು ಅಕ್ಕಪಕ್ಕದ ರೂಟರ್‌ಗಳ ಸಿಗ್ನಲ್ ಅಡ್ಡಬರುವ ಗದ್ದಲದ ತೊಂದರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದೇ ಜಾಸ್ತಿ. ಒಂದು ಬ್ಯಾಂಡಿನೊಳಗಿನ ಬೇರೆಬೇರೆ ದಾರಿಗಳಿಗೆ ಚಾನೆಲ್ ಅನ್ನುತ್ತಾರೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಇಡೀ ಬ್ಲಾಕಿನ ರೂಟರ್‌ಗಳೆಲ್ಲ ಆ ಮೂರರಲ್ಲೇ ಗುದ್ದಾಡುತ್ತಿರುತ್ತವೆ. ಅಂಥ ಕಡೆ ದೊಡ್ಡ ಆಂಟೆನಾ ಹಾಕಿದರೆ ನಿಮ್ಮ ರೂಟರ್‌ಗೆ ಪಕ್ಕದ ಮನೆಯವರ ಗದ್ದಲವೂ ಜೋರಾಗಿ ಕೇಳಿಸುತ್ತದೆ. ಅಲ್ಲಿ ಮಾಡಬೇಕಾದ್ದು ಚಾನೆಲ್ ಬದಲಾವಣೆ, ಇಲ್ಲವೇ 5 ಗಿಗಾಹರ್ಟ್ಸ್‌ಗೆ ಹೋಗುವುದು.

ಹಂತ 2: ಖರ್ಚಿಲ್ಲದೆ ಆಗುವುದನ್ನು ಮಾಡಿ

ರೂಟರ್‌ನ ಕಡ್ಡಿ ಆಂಟೆನಾದಿಂದ ಸಿಗ್ನಲ್ ಎಲ್ಲ ಕಡೆ ಒಂದೇ ಸಮ ಹೋಗುವುದಿಲ್ಲ. ಅದರ ಆಕಾರ ಉದ್ದಿನವಡೆಯ ಥರ. ಆಂಟೆನಾ ಕಡ್ಡಿ ವಡೆಯ ತೂತಿನಲ್ಲಿ ನಿಂತಿದೆ ಅಂದುಕೊಳ್ಳಿ. ಸುತ್ತಲೂ ಅಡ್ಡಡ್ಡ ಸಿಗ್ನಲ್ ಇದೆ, ಕಡ್ಡಿಯ ತುದಿ ತೋರಿಸುವ ಕಡೆ, ಅಂದರೆ ನೇರ ಮೇಲಕ್ಕೆ ಮತ್ತು ನೇರ ಕೆಳಕ್ಕೆ, ತುಂಬ ಕಡಿಮೆ. ಆಂಟೆನಾ ಸಿಗ್ನಲ್ ಅನ್ನು ಒಂದು ಕಡೆಗೆ ಎಷ್ಟು ಒಟ್ಟುಮಾಡುತ್ತದೆ ಅನ್ನುವ ಅಳತೆ ಡಿಬಿಐ. ಅಂಗಡಿಯವರು ಹೇಳುವ 'ಹೆಚ್ಚು ಡಿಬಿಐ' ಆಂಟೆನಾ ಏನು ಮಾಡುತ್ತದೆ ಅಂದರೆ, ಆ ವಡೆಯನ್ನು ಮೇಲಿಂದ ಒತ್ತಿ ಚಪ್ಪಟೆ ಮಾಡುತ್ತದೆ. ಅಡ್ಡಕ್ಕೆ ಇನ್ನೂ ದೂರ ಹರಡುತ್ತದೆ, ಎತ್ತರ ಕಳೆದುಕೊಳ್ಳುತ್ತದೆ.

ಈ ಒಂದು ವಿಷಯ ತಲೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಒಂದೇ ಅಂತಸ್ತಿನ ಮನೆಯಾದರೆ ಕಡ್ಡಿಗಳು ನೆಟ್ಟಗೆ ನಿಂತಿರಲಿ. ರೂಟರ್‌ನ ಸರಿಯಾಗಿ ಮೇಲಿನ ರೂಮಿಗೆ ಸಿಗ್ನಲ್ ಬೇಕಾದರೆ ಒಂದು ಕಡ್ಡಿಯನ್ನು ಪೂರ್ತಿ ಮಲಗಿಸಿ. ಆಗ ಅದರ ಪಕ್ಕೆ ಮಹಡಿ ಕಡೆ ತಿರುಗುತ್ತದೆ. ಮಲಗಿಸಿದ ಕಡ್ಡಿಯ ತುದಿ ಯಾವ ಗೋಡೆಯನ್ನು ತೋರಿಸುತ್ತದೋ ಆ ಕಡೆ ಸಿಗ್ನಲ್ ಕಡಿಮೆಯಾಗುತ್ತದೆ. ಅದನ್ನು ಯಾರೂ ಕೂರದ ದಿಕ್ಕಿಗೆ ತಿರುಗಿಸಿ. ಮಹಡಿ ಮನೆಯಲ್ಲಿ ಎರಡು ಕಡ್ಡಿ ಇದ್ದರೆ ಒಂದು ನೆಟ್ಟಗೆ, ಒಂದು ಅಡ್ಡ. ಫೋನನ್ನು ನಾವು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಡ್ಡ ಹಿಡಿಯುತ್ತೇವೆ, ಅದಕ್ಕೂ ಇದೇ ಒಳ್ಳೆಯದು.

ಜಾಗದ ವಿಚಾರ. ನೆಲದಿಂದ ಆಳೆತ್ತರದಲ್ಲಿ ಇರಲಿ. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಇವುಗಳ ಹಿಂದೆ ಇಡಬೇಡಿ. ಲೋಹ ಸಿಗ್ನಲ್ ಅನ್ನು ವಾಪಸ್ ಹೊಡೆಯುತ್ತದೆ, ನೀರು ನುಂಗುತ್ತದೆ. ಟಿವಿ ಹಿಂದೆ ಅಡಗಿಸಿಡುವುದು ನೋಡಲು ಚೆಂದ ಇರಬಹುದು, ಆದರೆ ಟಿವಿಯ ಹಿಂಭಾಗದಲ್ಲೂ ಲೋಹದ ತಗಡು ಇರುತ್ತದೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ. ಅದರ ಪಕ್ಕ ರೂಟರ್ ಇಟ್ಟರೆ ಹಾಲು ಬಿಸಿ ಮಾಡುವಾಗಲೆಲ್ಲ 2.4ರ ವೈಫೈ ತಡವರಿಸುತ್ತದೆ.

ಗೋಡೆಗಳೂ ಒಂದೇ ಥರ ಅಲ್ಲ. ಮರದ ಬಾಗಿಲು ಲೆಕ್ಕಕ್ಕಿಲ್ಲ. ಇಟ್ಟಿಗೆ ಗೋಡೆ ಒಂದಿಷ್ಟು ತಿನ್ನುತ್ತದೆ. ಹಳೇ ಮೈಸೂರು ಕಡೆಯ ಸೈಜುಗಲ್ಲಿನ ಗೋಡೆ, ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ, ಆರ್‌ಸಿಸಿ ಸ್ಲ್ಯಾಬ್ ಇವು ಜಾಸ್ತಿ ತಿನ್ನುತ್ತವೆ. ಕಾಂಕ್ರೀಟಿನಲ್ಲಿ 10ರಿಂದ 15 ಡಿಬಿ ಹೋದರೂ ಆಶ್ಚರ್ಯ ಇಲ್ಲ. 5 ಗಿಗಾಹರ್ಟ್ಸ್‌ಗೆ ಪೆಟ್ಟು ಇನ್ನೂ ಜೋರು. ಗೋಡೆಯೇ ಇಲ್ಲದ ಬಯಲಲ್ಲೂ, ಒಂದೇ ದೂರಕ್ಕೆ 5 ಗಿಗಾಹರ್ಟ್ಸ್ ಸಿಗ್ನಲ್ 2.4ಕ್ಕಿಂತ ಸುಮಾರು 7 ಡಿಬಿ ಕಡಿಮೆ ಬರುತ್ತದೆ.

ಇಷ್ಟು ಮಾಡಿ ಮತ್ತೆ ಅಳೆಯಿರಿ. ಶೋಕೇಸಿನ ಒಳಗಿದ್ದ ರೂಟರ್ ಅನ್ನು ಹೊರಗೆ ತಂದು ಎತ್ತರದಲ್ಲಿ ಇಟ್ಟರೇನೇ ಹೊಸ ಆಂಟೆನಾ ಕೊಡುವಷ್ಟು ಲಾಭ ಸಿಕ್ಕಿಬಿಡಬಹುದು.

ಹಂತ 3: ನಿಮ್ಮ ರೂಟರ್‌ನಲ್ಲಿ ಆಂಟೆನಾ ಬಿಚ್ಚಲು ಬರುತ್ತದೆಯೇ?

ಕಡ್ಡಿಯ ಬುಡ ನೋಡಿ. ಹಿತ್ತಾಳೆ ಬಣ್ಣದ ಸಣ್ಣ ನಟ್, ಅದರ ಹಿಂದೆ ಮರೆ (ತಿರುಪಿನ ಸುರುಳಿ ಗೆರೆಗಳು) ಕಾಣುತ್ತಿದ್ದರೆ ಬಿಚ್ಚಬಹುದು. ಬುಡ ಪ್ಲಾಸ್ಟಿಕ್‌ನಲ್ಲೇ ಸೇರಿಹೋಗಿದ್ದು, ಬರೀ ಮಡಚಲು ತಿರುಗಿಸಲು ಬರುತ್ತಿದ್ದರೆ ಬಿಚ್ಚಲಾಗದು. ಬಲವಂತ ಮಾಡಿದರೆ ಕೈಗೆ ಬರುವುದು ಮುರಿದ ಕಡ್ಡಿ. ಫೈಬರ್ ಕಂಪನಿಯವರು ಕೊಡುವ ಡಬ್ಬಿಗಳು ಹೆಚ್ಚುಪಾಲು ಈ ಎರಡನೇ ಜಾತಿಯವು. ಟಿಪಿ-ಲಿಂಕ್ ಆರ್ಚರ್ ಸಿ7ರ ಹಳೆಯ ಆವೃತ್ತಿಗಳು, ಏಸಸ್ ಆರ್‌ಟಿ-ಎಸಿ68ಯು, ನೆಟ್‌ಗೇರ್ ಆರ್7000 ಇವು ಬಿಚ್ಚಲು ಬರುವ ಮೂರು ಆಂಟೆನಾ ಇರುವ ರೂಟರ್‌ಗಳು. ಮೂರೂ ಹಳೆಯ ಮಾಡೆಲ್‌ಗಳು, ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಬೇಕಾದೀತು.

ಡಬ್ಬಿ ಬಿಚ್ಚಿ, ಒಳಗಿನ ಸಣ್ಣ ಯು.ಎಫ್‌.ಎಲ್ ಕನೆಕ್ಟರ್‌ಗೆ ತಂತಿ ಸಿಕ್ಕಿಸಿ, ಹೊರಗೆ ಆಂಟೆನಾ ಕೂರಿಸುವ ವಿಡಿಯೋಗಳು ಸಿಗುತ್ತವೆ. ಅದು ಆಗದ ಕೆಲಸವೇನಲ್ಲ. ಆದರೆ ಕಂಪನಿಯ ಡಬ್ಬಿ ನಿಮ್ಮದಲ್ಲ, ಅವರದು. ಮುಟ್ಟಬೇಡಿ. ನಿಮ್ಮದೇ ಹಳೆಯ ರೂಟರ್ ಆದರೆ ಸರಿ, ಮಾಡಿ ನೋಡಿ. ಆ ಕನೆಕ್ಟರ್ ಸುಮಾರು 30 ಸಲ ಹಾಕಿ ತೆಗೆಯುವುದಕ್ಕಷ್ಟೇ ಮಾಡಿದ್ದು. ಸುಮ್ನೆ ಕಿತ್ತು ಹಾಕುತ್ತಾ ಕೂತರೆ ಸಡಿಲ ಆಗುತ್ತದೆ.

ಹಂತ 4: ಕನೆಕ್ಟರ್ ಸರಿ ನೋಡಿಕೊಳ್ಳಿ

ಜನ ಜಾಸ್ತಿ ಎಡವುವುದು ಇಲ್ಲಿ. ಮನೆ ರೂಟರ್‌ಗಳಲ್ಲಿ ಇರುವುದು ಆರ್‌ಪಿ-ಎಸ್‌ಎಂಎ. ಅದೇ ಥರ ಕಾಣುವ ಇನ್ನೊಂದಿದೆ, ಬರೀ ಎಸ್‌ಎಂಎ. 4ಜಿ ರೂಟರ್‌ಗಳಲ್ಲಿ, ರೇಡಿಯೋ ಸಾಮಾನುಗಳಲ್ಲಿ ಅದು ಇರುತ್ತದೆ. ಹೊರಗಿನ ಮರೆ ಎರಡಕ್ಕೂ ಒಂದೇ, ಆದ್ದರಿಂದ ಒಂದಕ್ಕೊಂದು ಸಲೀಸಾಗಿ ತಿರುಗಿ ಕೂರುತ್ತವೆ. ಒಳಗೆ ಮಾತ್ರ ತಾಗುವುದಿಲ್ಲ.

ಆಂಟೆನಾ ಬಿಚ್ಚಿ ಬೆಳಕಿಗೆ ಹಿಡಿಯಿರಿ. ರೂಟರ್ ಕಡೆಯ ಕೊಳವೆಗೆ ಹೊರಗೆ ಮರೆ ಇದ್ದು, ನಟ್ಟ ನಡುವೆ ಸೂಜಿಯಂಥ ಪಿನ್ ಇದೆಯೇ? ಆಂಟೆನಾ ಕಡೆಯ ನಟ್‌ಗೆ ಒಳಗೆ ಮರೆ ಇದ್ದು, ನಡುವೆ ಪಿನ್ ಇಲ್ಲದೆ ತೂತು ಇದೆಯೇ? ಹಾಗಿದ್ದರೆ ಆರ್‌ಪಿ-ಎಸ್‌ಎಂಎ. ಆಂಟೆನಾ ನಟ್‌ನೊಳಗೆ ಪಿನ್ ಕಂಡರೆ ಅದು ಸಾದಾ ಎಸ್‌ಎಂಎ. ಪಿನ್‌ಗೆ ಪಿನ್ ಎದುರಾದರೆ ಬಿಗಿ ಮಾಡುವಾಗ ಒಂದು ಬಗ್ಗುತ್ತದೆ. ತೂತಿಗೆ ತೂತು ಎದುರಾದರೆ ಏನೂ ತಾಗದೆ, ಹೊಸ ಆಂಟೆನಾ ಹಳೆಯದಕ್ಕಿಂತ ಕೆಟ್ಟದು ಅನ್ನಿಸುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಕನೆಕ್ಟರ್‌ನ ಹತ್ತಿರದ ಫೋಟೋ ಇಲ್ಲದಿದ್ದರೆ ಮುಂದಕ್ಕೆ ಹೋಗಿ, ಬೇರೆ ಅಂಗಡಿ ನೋಡಿ.

ಹಂತ 5: ಯಾವ ಆಂಟೆನಾ, ಎಷ್ಟು ಡಿಬಿಐ?

ಲೆಕ್ಕ ಸುಲಭ. 3 ಡಿಬಿ ಹೆಚ್ಚಾದರೆ ಶಕ್ತಿ ಎರಡರಷ್ಟು, 6 ಡಿಬಿಗೆ ನಾಲ್ಕರಷ್ಟು, 10 ಡಿಬಿಗೆ ಹತ್ತರಷ್ಟು. ಬಯಲಿನಲ್ಲಿ ದೂರ ಎರಡರಷ್ಟಾಗಬೇಕಾದರೆ 6 ಡಿಬಿ ಬೇಕು. ತೀರಾ ಸರಳವಾದ ಅರ್ಧ ತರಂಗದ ಡೈಪೋಲ್ ಆಂಟೆನಾ ಕೊಡುವುದು 2.15 ಡಿಬಿಐ. ರೂಟರ್ ಜೊತೆ ಬರುವ ಕಡ್ಡಿಗಳು ಸಾಮಾನ್ಯವಾಗಿ 2ರಿಂದ 5.

ಈಗ ನಿಮ್ಮ ಹಾಳೆ ತೆಗೆಯಿರಿ. ಬೆಡ್‌ರೂಮಿನಲ್ಲಿ -72 ಇದೆ, ಈಗಿನದು 3 ಡಿಬಿಐ, ಹಾಕಬೇಕೆಂದಿರುವುದು 8 ಡಿಬಿಐ ಅಂದುಕೊಳ್ಳಿ. ಎಲ್ಲ ಸರಿಯಾದರೆ 5 ಡಿಬಿ ಲಾಭ, -67 ಆಗುತ್ತದೆ. ವಿಡಿಯೋ ಕಾಲ್ ತಡವರಿಸುವುದು ನಿಂತೀತು. ಖರ್ಚು ಮಾಡಲು ಅಡ್ಡಿಯಿಲ್ಲ. ಅದೇ ರೂಮಿನಲ್ಲಿ -86 ಇದ್ದರೆ? 5 ಡಿಬಿ ಸೇರಿಸಿದರೂ -81. ಅಲ್ಲಿಗೆ ಆಂಟೆನಾ ಉತ್ತರ ಅಲ್ಲ. ಲ್ಯಾನ್ ಕೇಬಲ್ ಎಳೆದು ಆ ರೂಮಿನಲ್ಲೊಂದು ಆ್ಯಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದ ಇಂಟರ್ನೆಟ್ ಅನ್ನು ವೈಫೈ ಆಗಿ ಹರಡುವ ಡಬ್ಬಿ) ಇಡಿ. ಕೇಬಲ್ 100 ಮೀಟರ್‌ವರೆಗೂ ನಡೆಯುತ್ತದೆ, ಯಾವ ಮನೆಗೂ ಅಷ್ಟು ಸಾಕು.

ಆಂಟೆನಾದ ಗುಣ ಏನೆಂದರೆ, ಅದು ಎರಡೂ ಕಡೆಗೆ ಕೆಲಸ ಮಾಡುತ್ತದೆ. ರೂಟರ್ ಹೇಳಿದ್ದು ಫೋನಿಗೆ ಜೋರಾಗಿ ತಲುಪುತ್ತದೆ, ಫೋನ್ ಹೇಳಿದ್ದೂ ರೂಟರ್‌ಗೆ ಜೋರಾಗಿ ಕೇಳಿಸುತ್ತದೆ. ರೂಟರ್‌ನ ಪವರ್ ಅಷ್ಟೇ ಹೆಚ್ಚಿಸಿದರೆ ಈ ಎರಡನೆಯದು ಸಿಗುವುದಿಲ್ಲ. ಫೋನಿನ ಶಕ್ತಿ ಇದ್ದಷ್ಟೇ ಇರುತ್ತದಲ್ವಾ?

ಮಾರುಕಟ್ಟೆಯಲ್ಲಿ ಸುಳ್ಳು ಧಾರಾಳ ಇದೆ. 2.4 ಗಿಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್. ಸುತ್ತಲೂ ಹರಡುವ ಕಡ್ಡಿ ಆಂಟೆನಾದಲ್ಲಿ ಡಿಬಿಐ ಹೆಚ್ಚಬೇಕಾದರೆ ಕಡ್ಡಿಯ ಉದ್ದ ಹೆಚ್ಚಲೇಬೇಕು. 5 ಡಿಬಿಐಗೆ ಸುಮಾರು ಗೇಣುದ್ದ, 8–9 ಡಿಬಿಐಗೆ 40 ಸೆಂಟಿಮೀಟರ್‌ನ ಆಸುಪಾಸು. ಹಾಗಿರುವಾಗ ಗೇಣುದ್ದದ ಕಡ್ಡಿಯ ಮೇಲೆ '15 ಡಿಬಿಐ' ಅಂತ ಚೀಟಿ ಅಂಟಿಸಿದ್ದರೆ ನಂಬಬೇಡಿ. ಒಳಗೆ ಸಾದಾ ಡೈಪೋಲ್ ಇದ್ದು, ಉಳಿದದ್ದು ಪ್ಲಾಸ್ಟಿಕ್ ಆಗಿರುತ್ತದೆ.

ಕೊಳ್ಳುವಾಗ ಇನ್ನೆರಡು ವಿಷಯ. ನಿಮ್ಮ ರೂಟರ್‌ನ ಯಾವ ಕಡ್ಡಿ ಯಾವ ಬ್ಯಾಂಡಿನದು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ. 2.4ಕ್ಕೆ ಮಾತ್ರ ಮಾಡಿದ ಆಂಟೆನಾಗಳಿವೆ, ಟಿಪಿ-ಲಿಂಕ್‌ನ 8 ಡಿಬಿಐ ಟಿಎಲ್-ಎಎನ್‌ಟಿ2408ಸಿಎಲ್ ಅಂಥದ್ದು. ಅದನ್ನು 5 ಗಿಗಾಹರ್ಟ್ಸ್ ಕಿಂಡಿಗೆ ಹಾಕಿದರೆ ನಷ್ಟವೇ. ಮತ್ತೆ, ಮೂರು ಕಡ್ಡಿ ಇದ್ದರೆ ಮೂರನ್ನೂ ಒಂದೇ ಥರದ್ದಕ್ಕೆ ಬದಲಿಸಿ. ಇವತ್ತಿನ ರೂಟರ್‌ಗಳು ಎಲ್ಲ ಆಂಟೆನಾಗಳಿಂದ ಒಟ್ಟಿಗೆ ಬೇರೆಬೇರೆ ಡೇಟಾ ಕಳಿಸುತ್ತವೆ. ಒಂದನ್ನು ಮಾತ್ರ ದೊಡ್ಡದು ಮಾಡಿದರೆ ಪೂರ್ತಿ ಲಾಭ ಸಿಗುವುದಿಲ್ಲ.

ಮಹಡಿ ಮನೆಯವರಿಗೆ ನನ್ನ ಸಲಹೆ: 9 ಡಿಬಿಐ ಕಡ್ಡಿಯ ಆಸೆ ಬಿಡಿ, 5ರಲ್ಲೇ ಇರಿ. ಚಪ್ಪಟೆ ಆದ ಸಿಗ್ನಲ್ ಮೇಲಿನ ರೂಮನ್ನು ಬಿಟ್ಟು ಎದುರು ಮನೆಗೆ ಹೋಗುತ್ತದೆ. ಉದ್ದನೆಯ ಹಂಚಿನ ಮನೆ, ಸಾಲು ರೂಮುಗಳು, ಒಂದೇ ಅಂತಸ್ತು: ಅಲ್ಲಿ 8–9 ಡಿಬಿಐ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ರೂಟರ್ ಮನೆಯ ಒಂದು ತುದಿಯಲ್ಲೇ ಇರಬೇಕಾದ ಅನಿವಾರ್ಯ ಇದ್ದರೆ, ಒಂದೇ ಕಡೆ ಕಳಿಸುವ ಪ್ಯಾನೆಲ್ ಆಂಟೆನಾ ಒಳ್ಳೆಯದು. ರಸ್ತೆ ಕಡೆ ವ್ಯರ್ಥವಾಗುತ್ತಿದ್ದುದು ಮನೆಯೊಳಗೆ ಬರುತ್ತದೆ.

ಕಾನೂನಿನ ಮಾತೂ ಇದೆ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ ಲೈಸನ್ಸ್ ಬೇಕಿಲ್ಲ. 2005ರ ನಿಯಮದ ಪ್ರಕಾರ ಆಂಟೆನಾ ಸೇರಿಸಿ ಹೊರಡುವ ಶಕ್ತಿ 4 ವ್ಯಾಟ್, ಅಂದರೆ 36 ಡಿಬಿಎಂ ಮೀರಬಾರದು. ಸಾಮಾನ್ಯ ರೂಟರ್ 20 ಡಿಬಿಎಂ ಕೊಡುತ್ತದೆ. ಅದಕ್ಕೆ 9 ಡಿಬಿಐ ಸೇರಿಸಿದರೆ 29. ಏನೂ ತೊಂದರೆಯಿಲ್ಲ. ರೂಟರ್ ಸೆಟ್ಟಿಂಗ್ಸ್‌ನಲ್ಲಿ ಬೇರೆ ದೇಶದ ಹೆಸರು ಸೆಟ್ ಮಾಡಿ ಪವರ್ ಏರಿಸುವ ಕಿತಾಪತಿ ಮಾತ್ರ ಬೇಡ.

ಹಂತ 6: ಬದಲಿಸುವ ಕೆಲಸ

1. ರೂಟರ್ ಸ್ವಿಚ್ ಆಫ್ ಮಾಡಿ, ಅಡಾಪ್ಟರ್ ಕಿತ್ತಿಡಿ. ಆಂಟೆನಾ ಇಲ್ಲದೆ ರೂಟರ್ ಓಡಿಸುವುದು ಒಳ್ಳೆಯದಲ್ಲ.
2. ಕಡ್ಡಿಯನ್ನು ಹಿಡಿದು ತಿರುಚಬೇಡಿ. ಬುಡದ ನಟ್ ಅನ್ನಷ್ಟೇ ಬೆರಳಲ್ಲಿ ಹಿಡಿದು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ.
3. ರೂಟರ್ ಕಡೆಯ ಕೊಳವೆ ಕೂಡ ಜೊತೆಗೇ ತಿರುಗುತ್ತಿದ್ದರೆ ನಿಲ್ಲಿಸಿ. ಒಳಗಿನ ತಂತಿ ಸುತ್ತಿಕೊಂಡು ತುಂಡಾಗುತ್ತದೆ. ಕೊಳವೆಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಟ್ ಸಡಿಲಿಸಿ.
4. ಹೊಸದನ್ನು ನೇರ ಕೂರಿಸಿ, ಮೊದಲ ಎರಡು ಸುತ್ತು ಹಗುರವಾಗಿ ಹೋಗಬೇಕು. ಬಿಗಿ ಅನ್ನಿಸಿದರೆ ಮರೆ ಸೊಟ್ಟ ಹಿಡಿದಿದೆ, ತೆಗೆದು ಮತ್ತೆ ಹಾಕಿ.
5. ಬೆರಳಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟು ಸಾಕು. ಪ್ಲೈಯರ್ ಡಬ್ಬಿಯಲ್ಲೇ ಇರಲಿ.
6. ಆನ್ ಮಾಡಿ, ಐದು ನಿಮಿಷ ಬಿಟ್ಟು, ಅದೇ ಜಾಗಗಳಲ್ಲಿ ಅದೇ ಫೋನ್ ಹಿಡಿದು ಅಳೆಯಿರಿ.

ಉದ್ದನೆಯ ಆಂಟೆನಾ ಹಾಕಿದರೆ ಹಗುರ ರೂಟರ್ ಹಿಂದಕ್ಕೆ ವಾಲುತ್ತದೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿ. ಹಳೆಯ ಕಡ್ಡಿಗಳನ್ನು ಎಸೆಯಬೇಡಿ. ಹೊಸದರಲ್ಲಿ ಅಂಕಿ 2 ಡಿಬಿಯೂ ಮೇಲೇರದಿದ್ದರೆ ವಾಪಸ್ ಕಳಿಸಿ, ಹಳೆಯದನ್ನೇ ಹಾಕಿಕೊಳ್ಳಿ.

ಡೆಸ್ಕ್‌ಟಾಪ್ ಇದ್ದವರು ಇದನ್ನು ಮೊದಲು ಮಾಡಿ

ನನ್ನ ಪ್ರಕಾರ ಆಂಟೆನಾ ಬದಲಾವಣೆಯಿಂದ ಎಲ್ಲಕ್ಕಿಂತ ಜಾಸ್ತಿ ಲಾಭ ಆಗುವುದು ರೂಟರ್‌ನಲ್ಲಿ ಅಲ್ಲ, ಮೇಜಿನ ಕೆಳಗಿನ ಕಂಪ್ಯೂಟರ್‌ನಲ್ಲಿ. ವೈಫೈ ಕಾರ್ಡ್‌ನ ಪುಟ್ಟ ಕಡ್ಡಿಗಳು ಕ್ಯಾಬಿನೆಟ್ ಹಿಂದೆ, ನೆಲದ ಹತ್ತಿರ, ಗೋಡೆಗೆ ಅಂಟಿಕೊಂಡಂತೆ ಇರುತ್ತವೆ. ಎದುರಿಗೆ ಇಡೀ ಕಬ್ಬಿಣದ ಪೆಟ್ಟಿಗೆ. ಸಿಗ್ನಲ್ ಎಲ್ಲಿಂದ ಬರಬೇಕು?

ಅಯಸ್ಕಾಂತದ ಬುಡವಿರುವ, ಒಂದು ಮೀಟರ್ ತಂತಿಯ ಆಂಟೆನಾ ಸ್ಟ್ಯಾಂಡ್ ಸಿಗುತ್ತದೆ. ಅದನ್ನು ತಂದು ಆಂಟೆನಾವನ್ನು ಮೇಜಿನ ಮೇಲೆ, ಕಿಟಕಿ ಅಥವಾ ಬಾಗಿಲಿನ ಕಡೆ ಇಡಿ. ಕಾರ್ಡ್‌ನಲ್ಲಿ ಎರಡು ಕಿಂಡಿ ಇದ್ದರೆ ಎರಡಕ್ಕೂ ಹಾಕಬೇಕು. ಯುಎಸ್‌ಬಿ ಅಡಾಪ್ಟರ್ ಬಳಸುವವರು ಅದನ್ನು ಹಿಂದಿನ ಕಿಂಡಿಗೆ ನೇರ ಸಿಕ್ಕಿಸದೆ, ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿಯಲ್ಲಿ ಮೇಜಿನ ಮೇಲಕ್ಕೆ ತನ್ನಿ. ಆಂಟೆನಾ ತಂತಿಯಲ್ಲಿ ಆಗುವ ನಷ್ಟವೂ ಇದರಲ್ಲಿ ಇಲ್ಲ.

ಆ ನಷ್ಟದ ಬಗ್ಗೆ ಗೊತ್ತಿರಲಿ. ಆರ್‌ಜಿ-174 ಅನ್ನುವ ತೆಳು ತಂತಿ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರ್‌ಗೆ ಸುಮಾರು 2 ಡಿಬಿ ತಿನ್ನುತ್ತದೆ. ಮೂರು ಮೀಟರ್ ಎಳೆದರೆ ಹೊಸ ಆಂಟೆನಾದ ಲಾಭವೆಲ್ಲ ತಂತಿಯಲ್ಲೇ ಹೋಯಿತು. ಎಲ್‌ಎಂಆರ್-200ರಲ್ಲಿ ಮೀಟರ್‌ಗೆ ಅರ್ಧ ಡಿಬಿ ಚಿಲ್ಲರೆ, ದಪ್ಪನೆಯ ಎಲ್‌ಎಂಆರ್-400ರಲ್ಲಿ ಕಾಲು ಡಿಬಿಗೂ ಕಡಿಮೆ. 5 ಗಿಗಾಹರ್ಟ್ಸ್‌ನಲ್ಲಿ ಎಲ್ಲವೂ ಇದಕ್ಕಿಂತ ಜಾಸ್ತಿ. ಮನೆಯಲ್ಲಿ ಉಳಿದ ಡಿಶ್ ಟಿವಿ ಕೇಬಲ್ ಹಾಕೋಣ ಅಂದುಕೊಳ್ಳಬೇಡಿ. ಅದು 75 ಓಮ್‌ನದು, ವೈಫೈ ಸಾಮಾನೆಲ್ಲ 50 ಓಮ್, ಒಂದಕ್ಕೊಂದು ಹೊಂದುವುದಿಲ್ಲ.

ಆಂಟೆನಾ ಬಿಚ್ಚಲು ಬಾರದವರಿಗೆ ಒಂದು ಅಗ್ಗದ ಉಪಾಯ

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅನ್ನು ರಟ್ಟಿಗೆ ಅಂಟಿಸಿ, ಬಿಲ್ಲಿನಂತೆ ಬಗ್ಗಿಸಿ, ಕಡ್ಡಿಯ ಹಿಂದೆ ನಿಲ್ಲಿಸಿ. ರಸ್ತೆ ಕಡೆ ಹೋಗುವ ಸಿಗ್ನಲ್ ಒಳಕ್ಕೆ ತಿರುಗುತ್ತದೆ. ಇದು ಬರೀ ಯೂಟ್ಯೂಬ್ ಕಸರತ್ತಲ್ಲ. 2017ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು ಕೋಣೆಗೆ ತಕ್ಕಂತೆ ಲೆಕ್ಕ ಹಾಕಿ, 3ಡಿ ಪ್ರಿಂಟರ್‌ನಲ್ಲಿ ಇಂಥ ಪ್ರತಿಫಲಕ ಮಾಡಿ, ಮೇಲೆ ಲೋಹದ ಹಾಳೆ ಹೊದಿಸಿ ಪರೀಕ್ಷಿಸಿದ್ದರು. ಬೇಕಾದ ಕಡೆ ಸಿಗ್ನಲ್ ಹೆಚ್ಚಿತು, ಬೇಡದ ಕಡೆ ಇಳಿಯಿತು. ನಿಮ್ಮ ರಟ್ಟಿನದ್ದು ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ. ಅಳೆಯುತ್ತಾ ಒಂದೊಂದೇ ಇಂಚು ಸರಿಸಿ ನೋಡಿ. ರೂಟರ್‌ನ ಗಾಳಿ ಕಿಂಡಿ ಮುಚ್ಚದಂತೆ ಮಾತ್ರ ನೋಡಿಕೊಳ್ಳಿ.

ತೋಟದ ಮನೆಗೆ, ಕೊಟ್ಟಿಗೆಗೆ ವೈಫೈ ಬೇಕಾದರೆ

ಮಲೆನಾಡಿನ ಕಡೆ ಇದು ಮಾಮೂಲಿ ಪ್ರಶ್ನೆ. ಮನೆಗೆ ಫೈಬರ್ ಬಂದಿದೆ, 200 ಮೀಟರ್ ಆಚೆ ಅಡಿಕೆ ಶೆಡ್ಡಿಗೆ ಕ್ಯಾಮೆರಾ ಹಾಕಬೇಕು. ರೂಟರ್‌ನ ಕಡ್ಡಿ ಬದಲಿಸಿ ಅಷ್ಟು ದೂರ ಮುಟ್ಟಿಸುವ ಪ್ರಯತ್ನ ಬೇಡ. ಟಿಪಿ-ಲಿಂಕ್ ಸಿಪಿಇ510 ಥರದ, ಆಂಟೆನಾ ಮತ್ತು ರೇಡಿಯೋ ಒಂದೇ ಡಬ್ಬಿಯಲ್ಲಿರುವ ಹೊರಾಂಗಣ ಸಾಧನ ಎರಡು ತನ್ನಿ. ಅದರಲ್ಲಿ 13 ಡಿಬಿಐನ, ಒಂದೇ ದಿಕ್ಕಿನ ಆಂಟೆನಾ ಇರುತ್ತದೆ. 2018ರಲ್ಲಿ 5 ಗಿಗಾಹರ್ಟ್ಸ್‌ನ 605 ಮೆಗಾಹರ್ಟ್ಸ್‌ನಷ್ಟು ಪಟ್ಟಿಗೆ ಲೈಸನ್ಸ್ ಬೇಡ ಅಂತ ಸರ್ಕಾರ ಹೇಳಿದ ಮೇಲೆ ಇದಕ್ಕೆ ಅಡ್ಡಿಯಿಲ್ಲ.

ಲೆಕ್ಕ ನೋಡಿ. 20 ಡಿಬಿಎಂ ಶಕ್ತಿ, ಎರಡೂ ಕಡೆ 13 ಸೇರಿದರೆ 46. 200 ಮೀಟರ್ ಬಯಲಿನಲ್ಲಿ 5.8 ಗಿಗಾಹರ್ಟ್ಸ್‌ಗೆ ಆಗುವ ನಷ್ಟ ಸುಮಾರು 94 ಡಿಬಿ. ಉಳಿಯುವುದು -48. ಮನೆಯೊಳಗಿನ ಹಾಲ್‌ನಷ್ಟೇ ಒಳ್ಳೆಯ ಸಿಗ್ನಲ್.

ಆದರೆ ನಡುವೆ ಮರ ಇರಬಾರದು. ಒಂದು ಡಬ್ಬಿಯಿಂದ ಇನ್ನೊಂದು ಕಣ್ಣಿಗೆ ಕಂಡರೂ ಸಾಲದು. ಎರಡು ಡಬ್ಬಿಗಳನ್ನು ಸೇರಿಸುವ ನೇರ ಗೆರೆಯ ನಡುಮಧ್ಯದಲ್ಲಿ, ಅದರ ಸುತ್ತ ಒಂದೂವರೆ ಮೀಟರ್‌ಗಿಂತ ತುಸು ಜಾಸ್ತಿ ಜಾಗ ಖಾಲಿ ಇರಬೇಕು. ಒದ್ದೆ ಎಲೆ ಒಣ ಎಲೆಗಿಂತ ಹೆಚ್ಚು ನುಂಗುತ್ತದೆ. ಬೇಸಿಗೆಯಲ್ಲಿ ಕಟ್ಟಿ ಚೆನ್ನಾಗಿದೆ ಅಂದುಕೊಂಡದ್ದು ಆಷಾಢದ ಮಳೆಯಲ್ಲಿ ಕೈಕೊಡುತ್ತದೆ. ಆದ್ದರಿಂದ ಬೇಸಿಗೆಯಲ್ಲಿ -60ಕ್ಕಿಂತ ಚೆನ್ನಾಗಿ ಬರುವ ಹಾಗೆ ಕೂರಿಸಿ. ಕೂರಿಸುವಾಗ ಒಬ್ಬರು ಅಂಕಿ ಓದುತ್ತಿರಲಿ, ಇನ್ನೊಬ್ಬರು ಡಬ್ಬಿಯನ್ನು ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಲಿ. ಅಂಕಿ ಏರಿ ಮತ್ತೆ ಇಳಿಯಲು ಶುರುವಾದ ಜಾಗದಿಂದ ಸ್ವಲ್ಪ ಹಿಂದಕ್ಕೆ ಬಂದು ಕ್ಲಾಂಪ್ ಬಿಗಿ ಮಾಡಿ.

ಸಿಡಿಲಿನ ವಿಷಯದಲ್ಲಿ ಉಡಾಫೆ ಬೇಡ. ಕಂಬಕ್ಕೆ ಅರ್ಥಿಂಗ್ ಮಾಡಿಸಿ, ಲ್ಯಾನ್ ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿ. ಮನೆಯ ಅತಿ ಎತ್ತರದ ವಸ್ತು ನಿಮ್ಮ ಆಂಟೆನಾ ಆಗದಂತೆ, ಸೂರಿನ ಅಂಚಿನ ಕೆಳಗೆ ಕೂರಿಸಲು ಆದರೆ ಇನ್ನೂ ಒಳ್ಳೆಯದು. ಇಷ್ಟಾದರೂ ಮುಂಗಾರು ಶುರುವಾಗುವ ಮುಂಚಿನ ಗುಡುಗಿಗೆ, ಮೋಡ ಕಟ್ಟುತ್ತಿದ್ದಂತೆ, ಹೊರಗಿನಿಂದ ಬಂದ ಕೇಬಲ್ ಅನ್ನೂ ಅಡಾಪ್ಟರ್ ಅನ್ನೂ ಕಿತ್ತಿಡಿ. ಸಿಡಿಲು ತಲೆ ಮೇಲೆ ಬಂದ ಮೇಲೆ ಮಾತ್ರ ಆ ತಂತಿಗಳನ್ನು ಮುಟ್ಟಲು ಹೋಗಬೇಡಿ.